ಒಳಕ್ಕೆ ಬಾಗಿದ ದಾರ

ಕಾರ್ಖಾನೆಯಲ್ಲಿ ನನಗೆ ಗಾಳಿಯಮ್ಮ ಎಂದು ಅಡ್ಡಹೆಸರಿದೆ. ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ, ಆದರೆ ನನ್ನ ಕಿವಿ ಚುರುಕು. ಇಲ್ಲಿ ಹಸುಗೂಸುಗಳಿಗೆ ಕುಡಿಸುವ ಹಾಲಿನ ಪುಡಿ ಮಾಡಿ ಡಬ್ಬಕ್ಕೆ ತುಂಬುತ್ತಾರೆ. ತುಂಬುವ ಕೋಣೆಯ ಗಾಳಿ ಶುದ್ಧವಾಗಿದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಬಾಗಿಲು ತೆರೆದಿಟ್ಟು ಹರಟೆ ಹೊಡೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ, ಬಾಯಿಗೆ ಬಂದ ಹಾಗೆ ಬೈಯುತ್ತೇನೆ. ಹೆಸರು ಬಂದದ್ದು ಹಾಗೆ.

ಆ ಕೋಣೆಯ ಸಂಗತಿ ಸರಳ. ಛಾವಣಿಯ ಮೇಲಿರುವ ದೊಡ್ಡ ಫ್ಯಾನು ಸೋಸಿದ ಗಾಳಿಯನ್ನು ಒಳಕ್ಕೆ ಒತ್ತುತ್ತಲೇ ಇರಬೇಕು. ಕೋಣೆಯಲ್ಲಿ ಗಾಳಿ ತುಂಬಿ ತುಳುಕುತ್ತಿದ್ದರೆ, ಬಾಗಿಲು ತೆರೆದಾಗ ಅದು ಹೊರಕ್ಕೆ ನುಗ್ಗುತ್ತದೆ. ಹೊರಗಿನ ಧೂಳಿಗಾಗಲಿ ಕ್ರಿಮಿಗಾಗಲಿ ಒಳಗೆ ಬರಲು ದಾರಿ ಸಿಗುವುದಿಲ್ಲ. ಇದನ್ನು ತೋರಿಸಲು ಮೀಟರ್ ಇದೆ. ನಾನು ಮೀಟರನ್ನು ಅಷ್ಟಾಗಿ ನಂಬುವವಳಲ್ಲ. ಬಾಗಿಲ ಚೌಕಟ್ಟಿಗೆ ಒಂದು ಸಣ್ಣ ದಾರ ಇಳಿಬಿಟ್ಟಿದ್ದೇನೆ. ಬಾಗಿಲು ತೆರೆದರೆ ಅದು ಹೊರಕ್ಕೆ ಬಾಗಬೇಕು.

ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ಹೋದ ವಾರದಿಂದ ರಜೆ ಹಾಕಿದ್ದೆ. ಮುಗಿಸಿ ಬಂದ ದಿನ ಬೆಳಿಗ್ಗೆ ಬಾಗಿಲು ತೆಗೆದೆ. ದಾರ ಒಳಕ್ಕೆ ಬಾಗಿತು. ಮುಚ್ಚಿ ಮತ್ತೆ ತೆಗೆದೆ, ಮತ್ತೆ ಒಳಕ್ಕೇ. ಮೀಟರಿನ ಮುಳ್ಳು ಮಾತ್ರ ಏನೂ ಅರಿಯದವರ ಹಾಗೆ ತನ್ನ ಜಾಗದಲ್ಲೇ ನಿಂತಿತ್ತು. ಬೆರಳಿನಿಂದ ತಟ್ಟಿದರೂ ಅಲುಗಲಿಲ್ಲ. ಅದರ ಕೊಳವೆಯೊಳಗೆ ಹಾಲಿನ ಪುಡಿ ಮೆತ್ತಿಕೊಂಡು ಕಲ್ಲಾಗಿತ್ತು.

ಲ್ಯಾಬಿಗೆ ಓಡಿದೆ. ನಾನು ರಜೆ ಹೋದ ಮೇಲೆ ಮೊದಲ ಸಲ, ಮೊನ್ನೆ, ಆ ಕೋಣೆಯಲ್ಲಿ ತೆರೆದಿಟ್ಟಿದ್ದ ಪರೀಕ್ಷೆಯ ತಟ್ಟೆಗಳು ಬೆಚ್ಚನೆಯ ಪೆಟ್ಟಿಗೆಯಲ್ಲಿದ್ದವು. ಗಾಳಿಯಿಂದ ಬಿದ್ದ ಕ್ರಿಮಿ ಅವುಗಳಲ್ಲಿ ಬೆಳೆದು ಚುಕ್ಕೆಯಾಗಿ ಕಾಣುತ್ತದೆ. ಯಾವಾಗಲೂ ಸ್ವಚ್ಛವಾಗಿರುವ ತಟ್ಟೆಗಳಲ್ಲಿ ಅಂದು ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳಿದ್ದವು. ಹಸುಗೂಸಿನ ಹೊಟ್ಟೆ ಇಂಥದ್ದನ್ನು ತಡೆದುಕೊಳ್ಳುವುದಿಲ್ಲ.

ತುಂಬುವ ಕೆಲಸ ನಿಲ್ಲಿಸಿ, ಫ್ಯಾನು ನೋಡಲು ನನ್ನ ಮೈದುನನನ್ನು ಛಾವಣಿಗೆ ಕಳಿಸಿದೆ. ಗಂಡನ ತಮ್ಮ ಅವನು, ಇಲ್ಲಿ ಎಲೆಕ್ಟ್ರಿಷಿಯನ್. ನಾನೇ ಮ್ಯಾನೇಜರಿಗೆ ದುಂಬಾಲು ಬಿದ್ದು ಸೇರಿಸಿದ್ದು. ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ. ದಿನಕ್ಕೊಮ್ಮೆ ನನ್ನನ್ನು ಗೋಳುಹೊಯ್ದುಕೊಳ್ಳದಿದ್ದರೆ ಅವನಿಗೆ ಉಂಡದ್ದು ಅರಗುವುದಿಲ್ಲ. ಅವನ ಹೆಂಡತಿ ಈಗಷ್ಟೇ ಹೆತ್ತಿದ್ದಾಳೆ. ಎದೆಹಾಲು ಸಾಲದೆ ಮಗುವಿಗೆ ನಮ್ಮ ಕಾರ್ಖಾನೆಯ ಪುಡಿಯನ್ನೇ ಕಲಸಿ ಕುಡಿಸುತ್ತಾರೆ.

ಅವನು ಇಳಿದು ಬರಲು ತುಂಬ ಹೊತ್ತು ಹಿಡಿಯಿತು.

"ಫಿಲ್ಟರ್ ಕಟ್ಕೊಂಡಿದೆ ಅತ್ತಿಗೆ," ಎಂದ. "ಮೊನ್ನೆಯಿಂದ ಹೊರಗೆ ರಸ್ತೆ ಅಗೀತಿದ್ದಾರಲ್ಲ, ಆ ಧೂಳು. ಈಗ ಬದಲಾಯಿಸ್ತೀನಿ."

ಅವನ ಮುಖ ಬಿಳಿಚಿಕೊಂಡಿತ್ತು. ಮೆಟ್ಟಿಲು ಹತ್ತಿ ಇಳಿದ ಸುಸ್ತು ಎಂದುಕೊಂಡೆ.

ಮ್ಯಾನೇಜರು ಕೆಟ್ಟ ಮನುಷ್ಯನಲ್ಲ, ಆದರೆ ಅವಸರದವರು. ಹೋದ ವಾರ ತುಂಬಿದ ಡಬ್ಬಗಳೆಲ್ಲ ಆಗಲೇ ಲಾರಿಗೇರಿದ್ದವು. "ಹಾಗಾದ್ರೆ ಮೊನ್ನೆಯಿಂದ ತುಂಬಿದ್ದನ್ನ ತಡೆದಿಡಿ," ಎಂದರು. "ಲಾರೀಲಿರೋದು ಅದಕ್ಕೂ ಮುಂಚಿನದು. ಅದು ಹೊರಡ್ಲಿ." ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ತಲೆಯಾಡಿಸಿ ಲ್ಯಾಬಿಗೆ ಬಂದೆ.

ಅಷ್ಟರಲ್ಲಿ ಮನೆಯಿಂದ ಅತ್ತೆಯ ಫೋನು ಬಂತು.

"ಏನೇ, ನಿನ್ನ ಮೈದುನನಿಗೆ ಏನಾದ್ರೂ ಹಿಡ್ಕೊಂಡಿದೆಯಾ? ಈಗ ಫೋನ್ ಮಾಡಿ, ಹೊಸ ಡಬ್ಬ ಮುಟ್ಟಲೇಬೇಡಿ, ಅಂಗಡಿಯಿಂದ ಬೇರೆ ತರಿಸಿ ಅಂದ. ಯಾಕೋ ಅಂದ್ರೆ ಫೋನ್ ಇಟ್ಟೇಬಿಟ್ಟ. ಹಳೇದು ಖಾಲಿಯಾಗಿದೆ, ಇಲ್ಲಿ ಮಗು ಒಂದೇ ಸಮ ಅಳ್ತಿದೆ."

"ಯಾವ ಹೊಸ ಡಬ್ಬ ಅತ್ತೆ?"

"ಹೋದ ವಾರ ಅವನೇ ತಂದನಲ್ಲ, ತಳ ನೆಗ್ಗಿದ್ದು. ಇನ್ನೂ ಒಡೆದಿಲ್ಲ."

ನೆಗ್ಗಿದ ಡಬ್ಬಗಳನ್ನು ಮಾರುವಂತಿಲ್ಲ, ಕೆಲಸದವರು ಮನೆಗೆ ಒಯ್ಯುತ್ತಾರೆ. ಹೋದ ವಾರದ್ದು ಎಂದರೆ ಲಾರಿಯಲ್ಲಿರುವ ಡಬ್ಬಗಳ ಜೊತೆಗೇ ತುಂಬಿದ್ದು. ರಸ್ತೆ ಅಗೆಯಲು ಶುರುಮಾಡಿದ್ದು ಮೊನ್ನೆ. ಫಿಲ್ಟರಿನದೇ ತಪ್ಪಾಗಿದ್ದರೆ ಆ ಡಬ್ಬಕ್ಕೆ ಅವನೇಕೆ ಹೆದರಬೇಕು?

"ಮುಟ್ಬೇಡಿ ಅತ್ತೆ," ಎಂದವಳೇ ಛಾವಣಿಗೆ ಓಡಿದೆ.

ಫ್ಯಾನು ನಿಂತಿತ್ತು. ಫಿಲ್ಟರ್ ಇದ್ದ ಜಾಗದಲ್ಲೇ ಇತ್ತು, ಅದರಲ್ಲಿ ಹೇಳಿಕೊಳ್ಳುವಂಥ ಧೂಳೇನೂ ಇರಲಿಲ್ಲ. ಮೈದುನ ಮೋಟಾರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಎರಡು ವೈರುಗಳನ್ನು ಬಿಚ್ಚಿ ಅದಲುಬದಲು ಮಾಡುತ್ತಿದ್ದ. ನನ್ನನ್ನು ನೋಡಿದರೂ ಕೈ ನಿಲ್ಲಿಸಲಿಲ್ಲ. ಗಡಿಬಿಡಿಯಲ್ಲಿ ತಿರುಪು ಬಿಗಿದು ಸ್ವಿಚ್ ಹಾಕಿದ. ಫ್ಯಾನು ತನ್ನ ಕವಚದ ಮೇಲಿನ ಕೆಂಪು ಬಾಣದ ದಿಕ್ಕಿಗೆ ತಿರುಗತೊಡಗಿತು.

ನನಗೆ ಎಲ್ಲ ಹೊಳೆಯಿತು. ಹೋದ ವಾರದ ಮೊದಲಲ್ಲೇ, ನಾನು ರಜೆಯಲ್ಲಿದ್ದಾಗ, ಫ್ಯಾನಿನ ಮೋಟಾರು ರಿಪೇರಿಯಾಗಿ ಬಂದಿತ್ತು. ಕೂರಿಸುವಾಗ ಇವನು ವೈರು ತಿರುಗಾ ಮುರುಗಾ ಕೊಟ್ಟಿದ್ದ. ಫ್ಯಾನು ಇಷ್ಟೂ ದಿನ ಉಲ್ಟಾ ತಿರುಗಿತ್ತು. ಈ ಜಾತಿಯ ಫ್ಯಾನು ಉಲ್ಟಾ ತಿರುಗಿದರೂ ಗಾಳಿಯನ್ನು ಹಿಂದಕ್ಕೆ ಎಳೆಯುವುದಿಲ್ಲ, ಮುಂದಕ್ಕೇ ದೂಡುತ್ತದೆ, ಆದರೆ ತೀರ ಮೆಲ್ಲಗೆ. ಕೋಣೆಯಲ್ಲಿ ಪುಡಿಯ ಧೂಳು ಹೀರುವ ಯಂತ್ರ ಮಾತ್ರ ಎಂದಿನ ಜೋರಿನಲ್ಲೇ ಹೀರುತ್ತಿತ್ತು. ಕೊರತೆ ಬಿದ್ದ ಗಾಳಿಯನ್ನು ಕೋಣೆ ಬಾಗಿಲ ಸಂದಿಯಿಂದ ಒಳಗೆಳೆದುಕೊಂಡಿತ್ತು.

"ಕೈ ಇಟ್ಟು ನೋಡಿದ್ದೆ ಅತ್ತಿಗೆ," ಎಂದ. "ಗಾಳಿ ಬರ್ತಿತ್ತು. ಸರಿಯಾಗಿದೆ ಅಂದ್ಕೊಂಡೆ."

"ಕೂರಿಸಿದ ದಿನದಿಂದ್ಲೂ ಹೀಗೇನಾ?"

ತಲೆ ತಗ್ಗಿಸಿದ. "ಈಗ ಸರಿಹೋಯ್ತಲ್ಲ. ಉಸಿರೆತ್ತಬೇಡಿ ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ. ಲಾರೀಲಿರೋದರ ಸ್ಯಾಂಪಲ್ ಪಾಸಾಗಿದೆ. ಈ ಕೆಲಸ ಹೋದ್ರೆ ಮಗು ಕಟ್ಕೊಂಡು ಎಲ್ಲಿಗೆ ಹೋಗ್ಲಿ?"

"ಪಾಸಾಗಿದ್ರೆ ಮನೆಗೆ ಯಾಕೋ ಫೋನ್ ಮಾಡಿದೆ?"

ಕೆಳಗೆ ಲಾರಿಯ ಎಂಜಿನ್ ಶುರುವಾದ ಸದ್ದು ಕೇಳಿಸಿತು. ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು, ಹಾಗೆಯೇ ಅವನನ್ನು ಕಂಡು ಕರುಳು ಚುರುಕ್ಕೆಂದಿತು. ಎರಡಕ್ಕೂ ಸಮಯವಿರಲಿಲ್ಲ. ಅವನ ತೋಳು ಹಿಡಿದು ಎಳೆದುಕೊಂಡೇ ಕೆಳಗಿಳಿದೆ.

ಲಾರಿಯ ಎದುರಿಗೆ ನಿಂತು ಮ್ಯಾನೇಜರಿಗೆ ಎಲ್ಲ ಹೇಳಿದೆ. ಅವರು ಹಣೆ ಒರೆಸಿಕೊಂಡರು. "ಈಗ ಫ್ಯಾನು ಸರಿಯಾಗೇ ತಿರುಗ್ತಿದೆ ಅಂತೀರಿ. ಹೋದ ವಾರದಿಂದ ಉಲ್ಟಾ ಇತ್ತು ಅನ್ನೋಕೆ ಏನು ಸಾಕ್ಷಿ? ಸ್ಯಾಂಪಲ್ ಬೇರೆ ಪಾಸಾಗಿದೆ."

"ಸ್ಯಾಂಪಲ್ ಅಂದ್ರೆ ನಾಲ್ಕು ಚಮಚ ಸಾರ್. ಲಾರಿ ತುಂಬ ಡಬ್ಬ ಇದೆ."

ಅವರು ಮೈದುನನ ಕಡೆ ತಿರುಗಿದರು. "ನೀನು ಹೇಳಪ್ಪ. ಫಿಲ್ಟರೋ, ವೈರೋ?"

ಅವನು ನನ್ನ ಮುಖ ನೋಡಲಿಲ್ಲ. "ಫಿಲ್ಟರ್ ಸಾರ್," ಎಂದ.

ಅವನೇ ಹಾಗೆಂದ ಮೇಲೆ ನನ್ನ ಮಾತಿಗೆ ಯಾವ ಬೆಲೆ? ಮ್ಯಾನೇಜರು ಡ್ರೈವರನಿಗೆ ಹೋಗು ಎಂದು ಕೈ ಮಾಡಲು ಹೊರಟಿದ್ದರು. ನಾನು ಅತ್ತೆಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಅವನ ಕೈಗೆ ತುರುಕಿದೆ.

"ಆ ಡಬ್ಬ ಒಡೆದು ಮಗುಗೆ ಕುಡಿಸಿ ಅಂತ ಹೇಳು," ಎಂದೆ. "ಇಷ್ಟೇ. ಆಮೇಲೆ ಲಾರಿ ಹೋಗ್ಲಿ, ನಾನು ಅಡ್ಡ ಬರಲ್ಲ."

ಫೋನಿನಿಂದ ಮೊದಲು ಬಂದದ್ದು ಮಗುವಿನ ಅಳು. ಲಾರಿಯ ಸದ್ದಿನ ನಡುವೆಯೂ ಎಲ್ಲರಿಗೂ ಕೇಳಿಸಿತು.

"ಯಾರು? ನೀನೇನೋ?" ಎಂದರು ಅತ್ತೆ. "ಅಂಗಡೀಲಿ ಡಬ್ಬ ಸಿಗ್ಲಿಲ್ಲ ಕಣೋ. ಮಗು ಹಸಿವಿನಿಂದ ನೀಲಿಗಟ್ತಿದೆ. ನೀನು ತಂದಿದ್ದನ್ನೇ ಒಡೀಲಾ?"

ಅವನು ಲಾರಿಯ ಕಡೆ ನೋಡಿದ. ಅತ್ತೆ ಮತ್ತೊಮ್ಮೆ ಕೇಳಿದರು.

"ಬೇಡಮ್ಮ," ಎಂದ. "ಒಡೀಬೇಡ. ಬೇರೆ ಅಂಗಡಿಗೆ ಹೋಗು."

ಮ್ಯಾನೇಜರು ಎತ್ತಿದ ಕೈಯನ್ನು ಹಾಗೇ ಇಳಿಸಿದರು. ಎಂಜಿನ್ ಆರಿಸಲು ಡ್ರೈವರನಿಗೆ ಹೇಳಿದರು. ಪೆಟ್ಟಿಗೆಗಳು ಒಂದೊಂದಾಗಿ ಇಳಿಯತೊಡಗಿದವು. ಮೈದುನನನ್ನು ಆಫೀಸಿಗೆ ಕರೆದರು. ಅವನು ಫೋನನ್ನು ನನ್ನ ಕೈಗೆ ಕೊಡಲಿಲ್ಲ, ಪಕ್ಕದ ಪೆಟ್ಟಿಗೆಯ ಮೇಲಿಟ್ಟು ಹೋದ.

ಸಂಜೆ ಇಬ್ಬರೂ ಒಂದೇ ಬಸ್ಸು ಹತ್ತಬೇಕಿತ್ತು, ಒಂದೇ ಮನೆಗೆ.