ಒದ್ದೆ ಹೊಲದ ಎಪ್ಪತ್ತೈದು ನಿಮಿಷ

"ಬಂತು ನೋಡಿ ಮೂರನೇ ತುಕಡಿ. ಇವನು ಹೆಗಲು ಕೊಟ್ರೆ ಪೆಟ್ಟಿಗೆ ಸ್ಮಶಾನ ಮುಟ್ಟೋದು ನಾಳೆಗೇ."

ಶವಪೆಟ್ಟಿಗೆಯ ಹಿಡಿಗೆ ಕೈ ಹಾಕಲು ಬಗ್ಗಿದ್ದ ಟೈರಿನವನು ಅಲ್ಲೇ ನಿಂತ. ಅಂದವರು ಸತ್ತವರ ಹೆಂಡತಿಯ ಅಣ್ಣ, ಊರಿಗೆಲ್ಲ ಚರಿತ್ರೆ ಕಲಿಸಿದ ಮೇಷ್ಟ್ರು. ಅಂಗಳದಲ್ಲಿ ನಲವತ್ತು ಜನ. ಸಾವಿನ ಮನೆಯೆಂಬುದನ್ನೂ ಮರೆತು ನಾಲ್ಕು ಮಂದಿ ಕಿಸಕ್ಕೆಂದರು.

ನಿಧಾನದವರನ್ನು ಆ ಊರಿನಲ್ಲಿ ಮೂರನೇ ತುಕಡಿ ಎಂದು ಕರೆಯುವುದೇ ರೂಢಿ. ಯುದ್ಧದ ಕಾಲದಲ್ಲಿ, ಒಂದು ಬೆಳಗಿನ ಜಾವ, ಊರಾಚೆಯ ಹೊಲದ ಮೇಲೆ ಪ್ಯಾರಾಚೂಟಿನಲ್ಲಿ ಸೈನಿಕರು ಇಳಿದಿದ್ದರು. ಅವರ ಮೂರನೇ ತುಕಡಿ ಹೊಲ ದಾಟಿ ಹಳೇ ಸೇತುವೆ ಹಿಡಿಯಬೇಕಿತ್ತು. ಅವರು ಹೋಗಿ ಮುಟ್ಟುವಷ್ಟರಲ್ಲಿ ಶತ್ರುಗಳು ಸೇತುವೆ ಉಡಾಯಿಸಿದ್ದರು. ನೆಲ ಮುಟ್ಟಿದ ಗಳಿಗೆಯಿಂದ ಸೇತುವೆಯವರೆಗೆ ಹಿಡಿದದ್ದು ಅರವತ್ತೆಂಟು ನಿಮಿಷ. ಸೈನ್ಯದ ಕಾಗದದಲ್ಲಿ ಹಾಗಿದೆ. ದಾರಿ ಬರೀ ನಲವತ್ತು ನಿಮಿಷದ್ದು, ಮಿಕ್ಕ ಹೊತ್ತು ಹೆದರಿ ಹೊಲದಲ್ಲಿ ಅಡಗಿ ಕೂತಿದ್ದರು ಎಂದು ಮೇಷ್ಟ್ರು ಪುಸ್ತಕ ಬರೆದರು. ಪುಸ್ತಕದಿಂದ ಮಾತು ಶಾಲೆಗೆ ಹೋಯಿತು, ಶಾಲೆಯಿಂದ ಊರಿನ ಬಾಯಿಗೆ ಬಂತು.

ಸೈನಿಕರು ಇಳಿದ ಹೊಲ ಶುರುವಾಗುವುದು ಊರಂಚಿನ ಈ ಮನೆಯ ಹಿಂದೆಯೇ, ಸ್ಮಶಾನ ಇರುವುದು ಆ ಸೇತುವೆಯ ಪಕ್ಕದಲ್ಲೇ. ಪೈಪು ಹೂಳಲು ರಸ್ತೆ ಅಗೆದಿದ್ದರಿಂದ ವ್ಯಾನು ಹದಿನೆಂಟು ಕಿಲೋಮೀಟರು ಸುತ್ತಬೇಕಿತ್ತು. ಯಾಕೆ ಆ ಪಾಡು, ಹೊಲದ ಮೇಲೆ ಹೊತ್ತು ನಡೆದರೆ ನಲವತ್ತೇ ನಿಮಿಷ, ನಾನೇ ಬರೆದಿಲ್ಲವೇ ಎಂದು ಮೇಷ್ಟ್ರು ವ್ಯಾನನ್ನು ವಾಪಸು ಕಳಿಸಿದ್ದರು. ಒಂದೂಕಾಲು ಗಂಟೆಗೆ ಕಮ್ಮಿ ಆಗಲ್ಲ ಎಂದು ಟೈರಿನವನು ಬಾಯಿ ಹಾಕಿದ್ದಕ್ಕೆ ಸಿಕ್ಕ ಉತ್ತರವೇ ಆ ಮೂರನೇ ತುಕಡಿಯ ಮಾತು.

ಟೈರಿನವನಿಗೆ ಇಪ್ಪತ್ತನಾಲ್ಕು. ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದು, ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಹಾಕುತ್ತ ಬೆಳೆದವನು. ಕೋಪ ಮೂಗಿನ ತುದಿಯಲ್ಲೇ. ಬೇರೆ ದಿನವಾಗಿದ್ದರೆ ಮೇಷ್ಟ್ರ ಕೊರಳಪಟ್ಟಿ ಅವನ ಮುಷ್ಟಿಯಲ್ಲಿರುತ್ತಿತ್ತು. ಇವತ್ತು ಪೆಟ್ಟಿಗೆಯೊಳಗೆ ಟೈಂಕೀಪರು ಮಲಗಿದ್ದರು. ಹಲ್ಲು ಕಚ್ಚಿ ಹಿಡಿ ಎತ್ತಿದ.

*

ಟೈಂಕೀಪರು ಮೂವತ್ತೊಂದು ವರ್ಷ ಡಿಪೋ ಗೇಟಿನ ಗೂಡಿನಲ್ಲಿ ಕೂತು ಬಸ್ಸುಗಳಿಗೆ ಹೊತ್ತು ಗೊತ್ತುಮಾಡಿದವರು. ಯಾವ ಏರಿನಲ್ಲಿ ಎಷ್ಟು ನಿಮಿಷ ಸೋರುತ್ತದೆ, ಯಾವ ಡ್ರೈವರು ಎಲ್ಲಿ ಬೀಡಿ ಹಚ್ಚುತ್ತಾನೆ, ಎಲ್ಲ ಬೆರಳ ತುದಿಯಲ್ಲಿ. ನಿವೃತ್ತಿಯಾದ ಮೇಲೂ ಆ ಚಟ ಬಿಡಲಿಲ್ಲ. ಪ್ಯಾರಾಚೂಟು ಸೈನಿಕರ ಕಂಪ್ಯೂಟರ್ ಆಟ ತಯಾರಿಸುವ ಸಣ್ಣದೊಂದು ಕಂಪನಿಗೆ, ನಿಜವಾಗಿ ನಡೆದ ಕಾಳಗಗಳನ್ನು ಆಟಕ್ಕೆ ಹೊಂದಿಸಿಕೊಡತೊಡಗಿದರು. ಆ ದಿನ ಗಾಳಿ ಯಾವ ಕಡೆಗಿತ್ತು, ಬೆಳಕು ಹರಿದದ್ದು ಎಷ್ಟಕ್ಕೆ, ಬೇಲಿ ಎಲ್ಲಿತ್ತು, ಯಾವ ಹೊಲ ಉತ್ತಾಗಿತ್ತು, ಯಾವುದು ಬೀಳುಬಿದ್ದಿತ್ತು.

ಕಾಗದದಲ್ಲಿ ಸಿಗದ್ದನ್ನು ನಡೆದು ನೋಡುವುದು ಅವರ ಪದ್ಧತಿ. ಮೊಣಕಾಲು ಕೈಕೊಟ್ಟಿದ್ದರಿಂದ ಟೈರಿನವನನ್ನು ಹಿಡಿದರು. ಅವನ ಬೆನ್ನಿಗೆ ಆ ಸೈನಿಕರು ಹೊತ್ತಷ್ಟೇ ತೂಕದ, ಇಪ್ಪತ್ತೆಂಟು ಕೆ.ಜಿ. ಮರಳಿನ ಚೀಲ, ಅವರ ಕೈಯಲ್ಲಿ ಗಡಿಯಾರ.

ಮೂರನೇ ತುಕಡಿಯ ದಾರಿಯನ್ನು ಮೊದಲ ಸಲ ನಡೆದಾಗ ಐವತ್ತೆರಡು ನಿಮಿಷ ಬಂತು. ಖುಷಿಯಾಗಿ ಬರೆದುಕೊಂಡವರು ಮಾರನೆಯ ದಿನ ಡಿಪೋಕ್ಕೇ ಹುಡುಕಿಕೊಂಡು ಬಂದರು.

"ಅವರು ಇಳಿದದ್ದು ಬಿತ್ತನೆ ಕಾಲದಲ್ಲಿ ಕಣಪ್ಪ. ನಾವು ಕೊಯ್ಲಾದ ಮೇಲೆ, ಗಟ್ಟಿ ನೆಲದಲ್ಲಿ ನಡೆದ್ವಿ. ತಪ್ಪು ನಂದು."

"ಮತ್ತೆ ಈಗೇನ್ಮಾಡದು ಸಾರ್?"

"ಕಾಯೋದು. ನೆಲ ಒದ್ದೆ ಆಗ್ಲಿ."

ಏಳು ತಿಂಗಳು ಕಾದರು. ಆಮೇಲೆ ಉತ್ತ ಹೊಲದಲ್ಲಿ, ಹೆಜ್ಜೆಗೊಂದು ಸೇರು ಮಣ್ಣೆತ್ತಿಕೊಂಡು ಟೈರಿನವನು ನಾಲ್ಕು ಬೆಳಗ್ಗೆ ನಡೆದ. ಒಂದು ದಿನವೂ ಎಪ್ಪತ್ತೈದರೊಳಗೆ ಸೇತುವೆ ಮುಟ್ಟಲಿಲ್ಲ. ಮೇಷ್ಟ್ರು ಹೊಲಕ್ಕೇ ಇಳಿದಿರಲಿಲ್ಲ. ನಕ್ಷೆಯ ಮೇಲೆ ಸ್ಕೇಲಿಟ್ಟು, ರಸ್ತೆಯ ನಡಿಗೆಯ ಲೆಕ್ಕ ಹಿಡಿದು ಬರೆದುಬಿಟ್ಟಿದ್ದರು. ನಾಲ್ಕನೆಯ ದಿನ ಟೈಂಕೀಪರು ಸೇತುವೆಯ ಮುರುಕು ಕಂಬದೆದುರು ಟೋಪಿ ತೆಗೆದರು.

ನೋಟುಬುಕ್ಕು ಹಿಡಿದು ಇಬ್ಬರೂ ಮೂರು ಸಲ ಮೇಷ್ಟ್ರ ಮನೆಗೆ ಹೋದರು. ಬಸ್ಸಿನ ಗುಮಾಸ್ತನೂ ಟೈರು ತಿರುಗಿಸುವವನೂ ಸೇರಿ ಚರಿತ್ರೆ ಬರೆಯುತ್ತೀರೇನ್ರಯ್ಯಾ ಎಂದು ಮೇಷ್ಟ್ರು ಜಗಲಿಯಿಂದಲೇ ಅಟ್ಟಿದರು.

*

ಆಟದ ಕಂಪನಿಯ ಒಡತಿಯೂ ಮಣ್ಣಿಗೆ ಬಂದಿದ್ದಳು. ಮಾರನೆಯ ಬೆಳಗ್ಗೆ ಆಟ ಅಂತಿಮವಾಗಿ ಹೊರಹೋಗಬೇಕು. ಟೈಂಕೀಪರ ನೋಟುಬುಕ್ಕು ಆ ದಾರಿಗೆ ಎಪ್ಪತ್ತೈದು ನಿಮಿಷ ಅನ್ನುತ್ತದೆ, ಅಚ್ಚಾದ ಪುಸ್ತಕ ನಲವತ್ತು. ಪುಸ್ತಕದಂತೆ ಹೋದರೆ ಮೂರನೇ ತುಕಡಿ ಇನ್ನೆಷ್ಟು ದೇಶದ ಪರದೆಗಳ ಮೇಲೆ ಹೇಡಿಗಳಾಗಿ ಸಾಯುತ್ತದೋ. ಯಾರನ್ನು ನಂಬುವುದೆಂದು ಅವಳು ಬೆಳಗ್ಗೆ ಟೈರಿನವನನ್ನೇ ಕೇಳಿದ್ದಳು. ನಡೆದು ನೋಡಿ ಮೇಡಂ ಎಂದಷ್ಟೇ ಅವನು ಹೇಳಿದ್ದ.

ಎರಡು ದಿನ ಮಳೆ ಹೊಯ್ದು ಬಿಟ್ಟಿತ್ತು. ಉತ್ತ ಹೊಲ ಕೆಸರಾಗಿ ಮಲಗಿತ್ತು. ಹತ್ತು ಗಂಟೆಗೆ ಸರಿಯಾಗಿ ಪೆಟ್ಟಿಗೆ ಎದ್ದಿತು. ಆರು ಹೆಗಲು, ಒಬ್ಬೊಬ್ಬನ ಪಾಲಿಗೆ ಹದಿನೇಳು ಕೆ.ಜಿ.ಯೂ ಬರದು. ಮುಂದಿನ ಬಲ ಹೆಗಲು ಮೇಷ್ಟ್ರದ್ದೇ. ಹತ್ತೂ ನಲವತ್ತಕ್ಕೆ ಅಲ್ಲಿರುತ್ತೇವೆಂದು ಗುಂಡಿ ತೋಡುವವರಿಗೆ ಮಾತು ಕೊಟ್ಟಾಗಿತ್ತು.

ಮೊದಲ ಬದುವಿನಲ್ಲೇ ಮಣ್ಣು ಮೇಷ್ಟ್ರ ಎಡಗಾಲಿನ ಶೂ ಕಸಿದುಕೊಂಡಿತು. ಹತ್ತು ನಿಮಿಷಕ್ಕೆ ಅವರ ಏದುಸಿರು ಹಿಂದಿನ ಸಾಲಿಗೆ ಕೇಳಿಸಿತು. ಹದಿನೈದಕ್ಕೆ ಪೋಸ್ಟ್‌ಮ್ಯಾನು ಬಂದು ಹೆಗಲು ಬದಲಿಸಿದ. ಮಾತಾಡುವಷ್ಟು ಉಸಿರು ಯಾರಲ್ಲೂ ಉಳಿದಿರಲಿಲ್ಲ. ಕಾಲುವೆಯ ಹತ್ತಿರ ಪೆಟ್ಟಿಗೆ ಇಳಿಸಿ, ಸೊಂಟದ ಮಟ್ಟದ ನೀರಿನಲ್ಲಿ ನಾಲ್ವರು ನಿಂತು ಕೈಯಿಂದ ಕೈಗೆ ದಾಟಿಸಬೇಕಾಯಿತು. ಸ್ಮಶಾನದ ಗೋಡೆ ಅಲ್ಲಿಂದ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು.

ಟೈಂಕೀಪರ ಹೆಂಡತಿ ಗಂಡನ ಗಡಿಯಾರವನ್ನು ತನ್ನ ಮಣಿಕಟ್ಟಿಗೆ ಕಟ್ಟಿಕೊಂಡಿದ್ದರು. ಅದನ್ನು ಕಣ್ಣ ಹತ್ತಿರ ಹಿಡಿದು, ಯಾವ ಬೇಸರವೂ ಇಲ್ಲದ ದನಿಯಲ್ಲಿ ಹೇಳಿದರು:

"ಅಣ್ಣಾ, ನಲವತ್ತಾಯ್ತು."

ಮೇಷ್ಟ್ರು ಬಿಚ್ಚಿ ಕೈಯಲ್ಲಿ ಹಿಡಿದಿದ್ದ ಬಲಗಾಲಿನ ಶೂ ನೋಡಿಕೊಂಡರು.

ಟೈರಿನವನು ಹೆಗಲು ಬದಲಿಸಲಿಲ್ಲ. ಮೂರು ಸಲ ಬಂದವರನ್ನು ಕತ್ತು ಅಲ್ಲಾಡಿಸಿಯೇ ಕಳಿಸಿದ. ಎಲ್ಲಿ ನೆಲ ಕುಸಿಯುತ್ತದೆ, ಯಾವ ಬದು ಗಟ್ಟಿ, ಅವನ ಪಾದಕ್ಕೆ ಗೊತ್ತಿತ್ತು. ಬರಬರುತ್ತ ಮಿಕ್ಕ ಐವರೂ ಅವನ ಹೆಜ್ಜೆ ನೋಡಿಯೇ ಹೆಜ್ಜೆ ಇಡತೊಡಗಿದರು. ಪೆಟ್ಟಿಗೆ ಸ್ಮಶಾನದ ಗೇಟು ಹೊಕ್ಕಾಗ ಎಂಬತ್ತಮೂರು ನಿಮಿಷ.

ಮಣ್ಣು ಮುಚ್ಚಿಯಾದ ಮೇಲೆ ಕಂಪನಿಯ ಒಡತಿ ಅವನ ಹತ್ತಿರ ಬಂದಳು. ಅವಳ ಸೀರೆ ಮೊಣಕಾಲವರೆಗೆ ಕೆಸರು.

"ನಾವು ಆರು ಜನ ಹಂಚಿಕೊಂಡು ಹೊತ್ತೂ ಎಂಬತ್ತಮೂರಾಯ್ತು," ಅಂದಳು. "ಅವರು ಒಬ್ಬೊಬ್ಬರೇ ಇಪ್ಪತ್ತೆಂಟು ಕೆ.ಜಿ. ಹೊತ್ತು ಅರವತ್ತೆಂಟಕ್ಕೆ ಹೇಗೆ ಬಂದ್ರು?"

"ಓಡಿದ್ರು ಮೇಡಂ," ಅಂದ ಟೈರಿನವನು. "ಎದುರಿಗೆ ಗುಂಡು ಹಾರ್ತಿತ್ತು. ಆದರೂ ಇದೇ ಕೆಸರಲ್ಲಿ ಓಡಿದ್ರು."

ಸುತ್ತ ನಿಂತವರು ತಾವು ದಾಟಿ ಬಂದ ಹೊಲದ ಕಡೆ ತಿರುಗಿದರು. ಬೆಳಗ್ಗೆ ನಕ್ಕವರಲ್ಲಿ ಒಬ್ಬ ತಗ್ಗಿದ ದನಿಯಲ್ಲಿ, ಹಂಗಾದ್ರೆ ಇಷ್ಟು ವರ್ಷ ನಾವು ಬೈತಿದ್ದದ್ದು ಯಾರನ್ನ, ಎಂದ. ಪೋಸ್ಟ್‌ಮ್ಯಾನು ಟೋಪಿ ತೆಗೆದ. ಅದನ್ನು ನೋಡಿ ಇನ್ನೊಬ್ಬ, ಮತ್ತೊಬ್ಬ.

ಒಡತಿ ಅಲ್ಲೇ ಫೋನು ಹಚ್ಚಿದಳು. "ಎಪ್ಪತ್ತೈದು ಅಂತಲೇ ಇರಲಿ. ಅಡಗಿ ಕೂತರು ಅನ್ನೋ ಸಾಲು ತೆಗೆದುಹಾಕಿ. ಓಡಿ ಬಂದರು ಅಂತ ಬರೀರಿ. ಹೌದು, ಓಡಿ. ಕೆಳಗೆ ಟೈಂಕೀಪರ್ ಸಾರ್ ಹೆಸರು ಹಾಕಿ, ಮರಳು ಹೊತ್ತು ನಡೆದವರ ಹೆಸರೂ ಹಾಕಿ."

ಟೈಂಕೀಪರ ಹೆಂಡತಿ ಅಷ್ಟು ಹೊತ್ತು ತಡೆದಿದ್ದ ಅಳುವನ್ನು ಆಗ ಬಿಟ್ಟರು. ಅತ್ತುಕೊಂಡೇ ನಗುತ್ತಿದ್ದರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಬಂದರು. ಬರಿಗಾಲು, ಆದರೂ ಕ್ಲಾಸಿನಲ್ಲಿ ನಿಲ್ಲುವ ಹಾಗೆಯೇ ನಿಂತರು.

"ಇದನ್ನ ಮೊದಲೇ ಬಂದು ಬಿಡಿಸಿ ಹೇಳಬಾರದಿತ್ತೇನಪ್ಪ? ಹೋಗಲಿ, ಮುಂದಿನ ಮುದ್ರಣದಲ್ಲಿ ನಾನೇ ತಿದ್ದಿ ಹಾಕ್ತೀನಿ. ಆ ನೋಟುಬುಕ್ಕು ನಾಳೆ ಮನೆಗೆ ತಂದುಕೊಡು. ನಿನ್ನ ಹೆಸರೂ ಒಂದು ಮೂಲೇಲಿ ಸೇರಿಸೋಣ. ಏನಂತೀಯಾ?"

ಟೈರಿನವನು ಅವರ ಮುಖವನ್ನು ಒಂದು ಸಲ ನೇರವಾಗಿ ನೋಡಿದ. ಅವನು ಟೈಂಕೀಪರ ಹೆಂಡತಿಗೆ ಕೈಮುಗಿದು, ತಿರುಗಿ ನಡೆದ. ಗೇಟಿನ ಬಳಿ ಗುಂಪು ತಾನಾಗಿ ಸೀಳಿ ದಾರಿ ಬಿಟ್ಟಿತು. ಹೊರಗೆ ಬಿಸಿಲು ಬಂದಿತ್ತು. ಅವನ ಎರಡೂ ಕಾಲಿಗೆ ಮೊಣಕಾಲವರೆಗೆ ಮೆತ್ತಿದ್ದ ಕರಿಮಣ್ಣು, ಪ್ಯಾರಾಚೂಟು ಸೈನಿಕನ ಪಾಲಿಶು ಕಂಡ ಎತ್ತರದ ಬೂಟುಗಳ ಹಾಗೆ ಹೊಳೆಯುತ್ತಿತ್ತು.