ಮುರಿಯದ ಆಕ್ಸಲ್

ನನ್ನ ತಂಗಿಯ ಮಗಳು ದನದ ಡಾಕ್ಟರು. ಬೆಟ್ಟದ ಮೇಲಿನ ಕೊಟ್ಟಿಗೆಗಳಿಗೆಲ್ಲ ಓಡಾಡುವವಳು. ಅವಳ ಹಳೆಯ ವ್ಯಾನು ಏರು ಕಂಡರೆ ಮೊಂಡು ಹಿಡಿಯುತ್ತಿತ್ತು. ಅದಕ್ಕೆ ದುಪ್ಪಟ್ಟು ಶಕ್ತಿಯ ಎಂಜಿನ್ ಕೂರಿಸಬೇಕು ಅಂತ ಹಟ ಹಿಡಿದಳು. ಕೂರಿಸಿದೆ, ನನ್ನ ಗ್ಯಾರೇಜಿನಲ್ಲೇ. ಎಂಜಿನ್ ಏನೋ ಪೈಲ್ವಾನ, ಹಿಂದಿನ ಚಕ್ರಗಳ ಆಕ್ಸಲ್ ಮಾತ್ರ ಅದೇ ಹಳೆಯ ನರಪೇತಲ. ಏರಿನಲ್ಲಿ ಅವಸರದಿಂದ ಕ್ಲಚ್ ಬಿಟ್ಟಳೋ, ಅದರೊಳಗೆ ಚಕ್ರ ತಿರುಗಿಸುವ ಶಾಫ್ಟ್ ಲಟಕ್ಕನೆ ಮುರಿಯುತ್ತಿತ್ತು. ಯಾವನಾದರೂ ಲಾರಿಯವನ ಕೈಕಾಲು ಹಿಡಿದು ಗಾಡಿ ಎಳೆಸಿಕೊಂಡು ನನ್ನ ಬಾಗಿಲಿಗೆ ಬರುತ್ತಿದ್ದಳು.

ಬಂದಾಗಲೆಲ್ಲ ಬೈಯುತ್ತಿದ್ದೆ. ನನ್ನ ಬಾಯಿಯೇ ಅಂಥದ್ದು, ಬೆಣ್ಣೆ ಸವರಿ ಮಾತಾಡಿ ಗೊತ್ತಿಲ್ಲ. ಊರಲ್ಲಿ ಬೇರೆ ಮೆಕ್ಯಾನಿಕ್‌ಗಳೆಲ್ಲ ಸತ್ತುಹೋದರೇ, ನನಗೇನು ಬೇರೆ ಕೆಲಸವಿಲ್ಲವೇ ಎಂದು ಶುರು ಮಾಡಿದರೆ ಗಾಡಿ ಜಾಕ್ ಮೇಲೆ ಏರುವ ತನಕ ನಿಲ್ಲಿಸುತ್ತಿರಲಿಲ್ಲ. ಅವಳು ಕಿವಿಗೇ ಹಾಕಿಕೊಳ್ಳದವಳಂತೆ ಸ್ಪಾನರ್ ಎತ್ತಿಕೊಡುತ್ತ, ಹಸುವಿನ ಹೊಟ್ಟೆಯೊಳಗೆ ಭುಜದವರೆಗೂ ಕೈ ಹಾಕಿ ಕರು ತಿರುಗಿಸಿದ ಕಥೆ ಹೇಳುತ್ತಿದ್ದಳು. ಸಂಜೆ ಒಂದೇ ಬೆಂಚಿನ ಮೇಲೆ ಕೂತು ಊಟ. ನಾನು ಮದುವೆ ಗಿದುವೆ ಅಂತ ಹೋದವನಲ್ಲ. ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ನನ್ನ ಕೆಮ್ಮು ಬಿಟ್ಟರೆ ಇನ್ನೊಂದು ಸದ್ದಿಲ್ಲ. ಶಾಫ್ಟ್ ಮುರಿದ ದಿನ ಮಾತ್ರ ತೊಳೆಯಲು ಎರಡು ತಟ್ಟೆ ಇರುತ್ತಿದ್ದವು. ನಾಚಿಕೆ ಬಿಟ್ಟು ಹೇಳುತ್ತೇನೆ, ಅದು ಮುರಿಯಲಿ ಅಂತಲೇ ಕಾಯುತ್ತಿದ್ದೆ.

ಒಂದು ದಿನ ಅವಳೇ, ಇನ್ನು ಸಾಕು ಮಾವ, ಗಟ್ಟಿಯಾದ ಆಕ್ಸಲ್ಲನ್ನೇ ಹುಡುಕಿ ಹಾಕಿಬಿಡೋಣ ಅಂದಳು. ಬೇಡ ಅಂತ ಯಾವ ಬಾಯಲ್ಲಿ ಹೇಳಲಿ?

ಗುಜರಿಯವನು ಎರಡು ತೋರಿಸಿದ. ಒಂದು ದೊಡ್ಡ ಕಾರಿನದು. ಅಗಲ, ಚಕ್ರದ ಬೋಲ್ಟು, ಎಲ್ಲವೂ ಹೇಳಿ ಮಾಡಿಸಿದ ಹಾಗೆ. ಶಾಫ್ಟ್ ಮಾತ್ರ ನಮ್ಮದಕ್ಕಿಂತ ಕೂದಲೆಳೆಯಷ್ಟೇ ದಪ್ಪ. ಇನ್ನೊಂದು ಸಣ್ಣ ಲಾರಿಯದು. ಎರಡೂ ಕಡೆ ಕತ್ತರಿಸಿ ಬೆಸುಗೆ ಹಾಕಬೇಕು, ಪಟ್ಟೆ ಸ್ಪ್ರಿಂಗ್ ಕೂರುವ ಜಾಗ ಸರಿಸಬೇಕು, ವ್ಯಾನಿಗೆ ಲಾರಿಯ ಓಟ ಸಾಲದೆಂದು ಒಳಗಿನ ಹಲ್ಲುಚಕ್ರಗಳನ್ನೂ ಬದಲಾಯಿಸಬೇಕು. ನಾನು ಕಾರಿನದರ ಮೇಲೆ ಕೈ ಇಟ್ಟು, ಇದೇ ಸಾಕು ಅಂದೆ. ಇವತ್ತಲ್ಲ ನಾಳೆ ಅದೂ ಮುರಿಯುತ್ತದೆ ಅಂತ ನನಗೆ ಗೊತ್ತಿತ್ತು. ಅವಳು ಹೂಂ ಅಂದಳು. ಗುಜರಿಯವನು ಗಾಡಿಗೆ ಏರಿಸಿಯೂ ಆಯಿತು.

ಆಗ ಅವಳು ಸುಮ್ಮನೆ ಮಾತಿಗೆ ಹೇಳಿದಳು: ಹೋದ ಸಲ ಮುರಿದಾಗ ಚಕ್ರವೇ ಶಾಫ್ಟ್ ಸಮೇತ ಗೇಣುದ್ದ ಹೊರಗೆ ಬಂದಿತ್ತಂತೆ, ತಿರುವಿನಲ್ಲಿ, ಪಕ್ಕದಲ್ಲೇ ಪ್ರಪಾತ. ಲಾರಿಯವನು ಅದನ್ನು ಒಳಕ್ಕೆ ತಳ್ಳಿ ಎಳೆದು ತಂದಿದ್ದನಂತೆ. ನಕ್ಕೊಂಡೇ ಹೇಳಿದಳು.

ನಮ್ಮ ಹಳೆಯದರ ಹಾಗೆ ಕಾರಿನ ಆಕ್ಸಲ್ಲಿನಲ್ಲೂ ಚಕ್ರ ನಿಲ್ಲುವುದೇ ಶಾಫ್ಟ್ ಮೇಲೆ. ಲಾರಿಯದರಲ್ಲಿ ಹಾಗಲ್ಲ, ಭಾರವನ್ನೆಲ್ಲ ಹೊರಗಿನ ಕೊಳವೆ ಹೊರುತ್ತದೆ, ಶಾಫ್ಟ್ ಬರೀ ತಿರುಗಿಸುತ್ತದೆ. ಅದು ಮುರಿದರೂ ಚಕ್ರ ಎಲ್ಲೂ ಹೋಗುವುದಿಲ್ಲ. ನನ್ನ ಎರಡನೇ ತಟ್ಟೆಗೆ ಬೆಂಕಿ ಬೀಳಲಿ ಅಂದುಕೊಂಡೆ.

"ಇಳಿಸೋ ಅದನ್ನ," ಅಂದೆ ಗುಜರಿಯವನಿಗೆ. "ಲಾರಿದು ಹಾಕು."

ಕೆಲಸ ತಿಂಗಳುಗಟ್ಟಲೆ ಹಿಡಿಯಿತು. ಬೇಕೆಂದೇ ಎಳೆದೆಯಾ ಅಂದರೆ, ಸ್ವಲ್ಪ ಎಳೆದೆ. ರಜೆ ಸಿಕ್ಕಾಗಲೆಲ್ಲ ಅವಳು ಬಂದು ಪಕ್ಕದಲ್ಲೇ ಕೂತು ಒಂದೊಂದೂ ಕಲಿತಳು. ಕಲಿಸುತ್ತಲೂ ಬೈದೆ.

ಹೊರಡುವ ದಿನ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಮಾವ, ಇನ್ಮೇಲೆ ನಿಮಗೆ ನನ್ನ ಕಾಟ ಇಲ್ಲ. ಪ್ರತಿ ಸಲ ನಿಮ್ಮ ಕೆಲಸ ಕೆಡಿಸ್ತೀನಲ್ಲ ಅಂತ ನನಗೇ ಬೇಜಾರಾಗ್ತಿತ್ತು. ಅದಕ್ಕೇ ಗಟ್ಟಿದು ಹಾಕೋಣ ಅಂದಿದ್ದು."

ನಾನು ಬಾಯಿ ತೆರೆದೆ. ನಮ್ಮ ಕಸುಬಿನಲ್ಲಿ ರಿಪೇರಿಯಾಗಿ ಹೊರಟ ಗಾಡಿಗೆ ಮತ್ತೆ ಬಾ ಅನ್ನುವ ಪದ್ಧತಿಯಿಲ್ಲ, ಕೆಟ್ಟು ಬಾ ಅಂತ ಹರಸಿದ ಹಾಗೆ. ಹೋಗು ಹೋಗು ಅಂದೆ. ಹೋದಳು.

ಆಮೇಲೆ ಸುದ್ದಿಯೇ ಇಲ್ಲ. ತಡೆಯಲಾರದೆ ಒಂದು ನೆಪ ಹುಡುಕಿದೆ. ಹೊಸ ಹಲ್ಲುಚಕ್ರ ಹಾಕಿದ ಆಕ್ಸಲ್ಲಿಗೆ ಸ್ವಲ್ಪ ದೂರ ಓಡಿದ ಮೇಲೆ ಆಯಿಲ್ ಬದಲಾಯಿಸಲೇಬೇಕು. ಇಬ್ಬರಿಗಾಗುವಷ್ಟು ತರಕಾರಿ ತಂದಿಟ್ಟು ಫೋನ್ ಮಾಡಿದೆ.

"ಆಗಲೇ ಬದಲಾಯಿಸಿದೆ ಮಾವ," ಅಂದಳು. "ನೀವೇ ಕಲಿಸಿದ್ರಲ್ಲ. ಅಷ್ಟಕ್ಕೆಲ್ಲ ನಿಮಗೆ ಯಾಕೆ ತೊಂದರೆ ಕೊಡೋದು ಅಂತ."

ಊಟಕ್ಕೆ ಬಾರಮ್ಮ ಅನ್ನುವ ಮಾತು ಗಂಟಲ ತನಕ ಬಂದಿತ್ತು.

"ಒಳ್ಳೇದಾಯ್ತು," ಅಂದೆ. "ನನಗೂ ಒಂದು ಕೆಲಸ ತಪ್ಪಿತು."