ಹಳೇ ಬ್ಯಾರನ್ನಿನ ಬಾಗಿಲು

ನಾನು ಹೊಸ ಅಗ್ರಹಾರದ ಕಡೆಯವಳು. ಭತ್ತ, ಕಬ್ಬು ಗೊತ್ತಿತ್ತು, ಹೊಗೆಸೊಪ್ಪು ಗೊತ್ತಿರಲಿಲ್ಲ. ಪಿರಿಯಾಪಟ್ಟಣದ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದ ವರ್ಷವೇ ಸೊಪ್ಪು ಮುರಿಯಲು ಹೊಲಕ್ಕಿಳಿದೆ. ಆಶಾರಾಣಿಯ ಬಾಯಿ ಜೋರು ಅಂತ ತವರಿನಲ್ಲಿ ನನಗೆ ಹೆಸರಿತ್ತು, ಇಲ್ಲೂ ಬೇಗನೆ ಬಂತು. ಅಂಥ ಬಾಯಿಯೂ ಒಂದು ದಿನ ಕಟ್ಟಿಹೋಯಿತು.

ನಮ್ಮ ಹಿತ್ತಲಲ್ಲಿ ಸೊಪ್ಪನ್ನು ಬಿಸಿಯಲ್ಲಿ ಬೇಯಿಸಿ ಒಣಗಿಸುವ ಬ್ಯಾರನ್ನು ಮನೆಗಳು ಎರಡಿವೆ. ಹೊಸದರಲ್ಲಿ ಕೆಲಸ ನಡೆಯುತ್ತದೆ, ಹಳೆಯದಕ್ಕೆ ಬೀಗ. ನಮ್ಮತ್ತೆ ಪುಟ್ಟಸಿದ್ದಮ್ಮ ಅಮಾವಾಸ್ಯೆಗೊಮ್ಮೆ ಆ ಬಾಗಿಲ ಮುಂದೆ ಎಲೆ ಹಾಸಿ ಅನ್ನ, ಹೂವು, ಬಳೆ ಇಡುತ್ತಾರೆ. ಅವು ಅವರ ಮಗಳು ಸುಧಾಳಿಗೆ. ನನ್ನ ಗಂಡ ಶಶಿ ಚಿಕ್ಕವನಿದ್ದಾಗ, ಸೊಪ್ಪು ಮುರಿಯುವ ಕಾಲದಲ್ಲೇ, ಆ ಅಕ್ಕನಿಗೆ ಗಾಳಿ ಸೋಕಿತಂತೆ. ಕತ್ತು ತಿರುಚಿ, ಕಣ್ಣು ಮೇಲಕ್ಕೆ ಹೋಗಿ, ಮಾತು ನಿಂತಿತಂತೆ. ಗಾಳಿ ಬಿಡಿಸುವ ಮಂಟಯ್ಯ ಅವಳನ್ನು ಆ ಬ್ಯಾರನ್ನಿನೊಳಗೆ ಕೂಡಿ ಮೆಣಸಿನಕಾಯಿ ಹೊಗೆ ಹಾಕಿಸಿದ. ಬಾಗಿಲು ತೆಗೆದಾಗ ಉಸಿರಿರಲಿಲ್ಲ.

"ಒಳಗಿದ್ದದ್ದು ನಿನ್ನ ಮಗಳಲ್ಲ ಕಣವ್ವ, ಗಾಳಿ. ನಿನ್ನ ಮಗಳಿಗೆ ಏನೂ ಗೊತ್ತಾಗಿಲ್ಲ ಬುಡು" ಅಂದಿದ್ದನಂತೆ ಮಂಟಯ್ಯ. ಆ ಒಂದು ಮಾತನ್ನು ಹಿಡಿದುಕೊಂಡೇ ನಮ್ಮತ್ತೆ ಇಷ್ಟು ವರ್ಷ ಉಂಡರು, ಮಲಗಿದರು.

ನಾನು ಹೊಲಕ್ಕಿಳಿದಾಗ ಜಿಟಿಜಿಟಿ ಸೋನೆ. ಒದ್ದೆ ಸೊಪ್ಪನ್ನು ಎದೆಗೆ ಅವುಚಿಕೊಂಡು ಹೊತ್ತು ರವಿಕೆಯೆಲ್ಲ ನೆನೆಯಿತು. ಮಧ್ಯಾಹ್ನಕ್ಕೆ ತಲೆ ಗಿರ್ರೆಂದು ವಾಂತಿ ಹತ್ತಿತು. ಹೊಸಬರಿಗೆ ಇದ್ದದ್ದೇ ಅಂತ ಎಲ್ಲರೂ ನಕ್ಕರು. ಊರಲ್ಲಿ ಸೂಜಿ ಹಾಕುವವನು ಸಂಜೆ ಒಂದು ಹಾಕಿದ, ನಿಲ್ಲಲಿಲ್ಲವೆಂದು ಬೆಳಿಗ್ಗೆ ಇನ್ನೊಂದು ಹಾಕಿದ.

ಆ ಮಧ್ಯಾಹ್ನ ಜಗಲಿಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಹಿಂದಿನಿಂದ ಯಾರೋ ಗದ್ದ ಹಿಡಿದು ಮೆಲ್ಲಗೆ ತಿರುಗಿಸಿದ ಹಾಗೆ ನನ್ನ ಕತ್ತು ಎಡಕ್ಕೆ ತಿರುಗಿತು. ಹಿಂದೆ ಗೋಡೆ ಬಿಟ್ಟು ಏನೂ ಇರಲಿಲ್ಲ. ಬಿಡಿಸಿಕೊಳ್ಳಲು ನೋಡಿದಷ್ಟೂ ಅದು ಇನ್ನೂ ತಿರುಗಿತು. ಕಣ್ಣುಗಳು ಮೇಲಕ್ಕೆ ಹೋಗಿ ಜಂತೆಗೆ ಅಂಟಿಕೊಂಡವು, ಇಳಿಯಲಿಲ್ಲ. ನಾಲಿಗೆ ಹೊರಳಿ ಆಚೆ ಬಂತು. ಬುದ್ಧಿ ಮಾತ್ರ ತಿಳಿನೀರಿನ ಹಾಗಿತ್ತು.

ಜನ ಸೇರಿದರು. ನನಗೆ ಜಂತೆ ಬಿಟ್ಟು ಏನೂ ಕಾಣದು. ಎಲ್ಲರೂ ಬರೀ ದನಿಗಳು.

"ಥೇಟ್ ಸುಧಾ ಕಣ್ರೀ! ಅದೇ ಎಡಗಡೆ, ಅದೇ ಮೇಲ್ಗಣ್ಣು!"

"ಯಾರು ನೀನು, ಹೇಳು" ಅಂದಿತು ಮಂಟಯ್ಯನ ದನಿ. ನಿಮ್ಮಜ್ಜಿ ಕಣೋ ಅನ್ನಬೇಕೆಂದು ಗಂಟಲವರೆಗೆ ಬಂತು. ಬರೀ ಜೊಲ್ಲು ಸುರಿಯಿತು.

ಆಮೇಲೆ ಕಿವಿಯ ಹತ್ತಿರ ಅತ್ತೆಯ ಉಸಿರು. "ಬಂದ್ಯಾ ಮಗ?" ಈ ಮನೆಯಲ್ಲಿ ನನ್ನನ್ನು ಯಾರೂ ಅಷ್ಟು ಮೆತ್ತಗೆ ಕರೆದಿರಲಿಲ್ಲ. ಒಳಗಿರುವವಳು ನಾನೇ ಹೌದೋ ಅಲ್ಲವೋ ಅಂತ ಒಂದು ಗಳಿಗೆ ನನಗೇ ಅನುಮಾನ ಬಂತು.

"ಹೋದ ಬಾಗ್ಲಲ್ಲೇ ಕಳಿಸ್ಬೇಕು. ಹಳೇ ಬ್ಯಾರನ್ ಬೀಗ ತಗೀರಿ. ಮೆಣಸಿನಕಾಯಿ ತನ್ರಲಾ" ಅಂದ ಮಂಟಯ್ಯ. ಬೀಗದ ಕೈ ಸದ್ದು ಕೇಳಿಸಿತು. ಸಾಯುತ್ತೇನೆ ಅಂತ ಗೊತ್ತಾಯಿತು. ಕೈಮುಗಿಯೋಣವೆಂದರೆ ಕೈಯೂ ಸೆಟೆದಿತ್ತು.

"ಅಲ್ಲಿಗ್ ಹಾಕಾಕಿಲ್ಲ" ಅಂದರು ಅತ್ತೆ. "ಒಂದ್ ಸಲ ಕೊಟ್ಟಿವ್ನಿ, ಸಾಕು. ಶಶಿ, ಆಟೋ ಕರ್ಕೊಂಬಾ. ಆಸ್ಪತ್ರೆಗೆ ಹೋಗವ."

"ದೆವ್ವಕ್ಕೆ ಆಸ್ಪತ್ರೆನಾ?"

"ದೆವ್ವನೋ ಗಿವ್ವನೋ, ನನ್ ಮಗಳು."

ಸತ್ತ ಮಗಳೇ ನಾನೆಂದು ಅತ್ತೆ ತಿಳಿದದ್ದರಿಂದ ನಾನು ಉಳಿದೆ.

ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೀನು ಯಾರು ಅಂತ ಕೇಳಲಿಲ್ಲ. ಏನು ಔಷಧಿ ಕೊಟ್ಟಿದ್ದೀರಿ ಅಂತ ಶಶಿಯನ್ನು ಕೇಳಿದರು. ವಾಂತಿ ಸೂಜಿಯ ವಿಷಯ ಹೇಳಿದ ತಕ್ಷಣ ಬೇರೆ ಒಂದು ಇಂಜೆಕ್ಷನ್ ಹಾಕಿಸಿದರು. ಸ್ವಲ್ಪ ಹೊತ್ತಿಗೆ ಕತ್ತು ಸಡಿಲವಾಗಿ ಕಣ್ಣು ಕೆಳಗಿಳಿಯಿತು. ಮೊದಲು ಕಂಡದ್ದು ಅತ್ತೆಯ ಮುಖ, ಕಾಯುತ್ತಿದ್ದ ಮುಖ.

"ಅತ್ತೆ" ಅಂದೆ.

ಅವರು 'ಅವ್ವ' ಅನ್ನುವುದನ್ನು ಕಾಯುತ್ತಿದ್ದರು. ಆ ಮುಖ ಬಾಡಿದ್ದು ನೋಡಿ, ಬದುಕಿ ಬಂದದ್ದಕ್ಕೆ ನನಗೆ ನಾಚಿಕೆಯಾಯಿತು.

"ಒದ್ದೆ ಸೊಪ್ಪಿನ ರಸ ಚರ್ಮದಿಂದ ಒಳಗೆ ಹೋಗಿ ವಾಂತಿ ಆಗಿದೆ" ಅಂದರು ಡಾಕ್ಟರಮ್ಮ. "ಆ ವಾಂತಿ ಇಂಜೆಕ್ಷನ್ ಕೆಲವರಿಗೆ ಹೀಗೆ ಕತ್ತು ತಿರುಗಿಸುತ್ತೆ. ಗಾಳಿಯೂ ಇಲ್ಲ, ದೆವ್ವವೂ ಇಲ್ಲ. ಈಗ ಕೊಟ್ಟಂಥ ಒಂದು ಇಂಜೆಕ್ಷನ್ ಸಾಕು, ಸರಿಹೋಗುತ್ತೆ."

"ನನ್ ಮಗಳ್ಗೂ ವಾಂತಿಗೆ ಸೂಜಿ ಆಕ್ಸಿದ್ದೊ" ಅಂದರು ಅತ್ತೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಆಟೋದಲ್ಲಿ ಬರುವಾಗ ಅತ್ತೆ ರಸ್ತೆ ನೋಡುತ್ತಲೇ ಕೇಳಿದರು. "ಕತ್ ತಿರುಗಿದ್ದಾಗ ನಾವಾಡಿದ್ದು ನಿನ್ಗೆ ಕೇಳ್ತಿತ್ತಾ?"

"ಇಲ್ಲ ಅತ್ತೆ. ಏನೂ ಗೊತ್ತಾಗ್ಲಿಲ್ಲ" ಅಂದೆ. ನಾನು ಅಷ್ಟು ಮೆಲ್ಲಗೆ ಮಾತಾಡಿದ್ದು ಅದೇ ಮೊದಲು. ಅವರು ತಿರುಗಿ ನನ್ನ ಮುಖ ನೋಡಿದರು.

ಮನೆಗೆ ಬಂದವರೇ ಹಿತ್ತಲಿಗೆ ಹೋಗಿ ಹಳೇ ಬ್ಯಾರನ್ನಿನ ಬೀಗ ತೆಗೆದರು. ನಾನು ಹಿಂದೆಯೇ ಓಡಿದೆ. ಒಳಗಿನಿಂದ ಹಳೆಯ ಹೊಗೆಯ ವಾಸನೆ ಬಂತು.

"ನಾನ್ ಒಳಗ್ ಕೂತ್ಕತೀನಿ. ನೀನು ಬಾಗ್ಲಾಕಿ ಆಚೆ ನಿಂತ್ಕಂಡು ಏನಾರ ಮಾತಾಡು."

"ಯಾಕತ್ತೆ?"

"ಆವತ್ತು ನಾನು ನಿಂತಿದ್ದು ಅಲ್ಲೇ. ಇನ್ನೊಂದ್ ಹಿಡಿ ಮೆಣಸಿನಕಾಯಿ ಹಾಕಿ ಅಂದೋಳು ನಾನೇ ಕಣವ್ವ."

ಬೇಡವೆಂದರೂ ಕೇಳಲಿಲ್ಲ. ಬಾಗಿಲು ಹಾಕಿದೆ. ದಪ್ಪ ಗೋಡೆ, ದಪ್ಪ ಹಲಗೆ. ಏನೇ ಆಗಲಿ ತುಟಿ ಪಿಟಕ್ಕೆನ್ನಬಾರದು ಅಂತ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತೆ. ಏನೂ ಕೇಳಿಸಲಿಲ್ಲ ಅಂದುಕೊಂಡೇ ಅವರು ಆಚೆ ಬರಲಿ ಅಂತ ದೇವರಿಗೆಲ್ಲ ಹರಕೆ ಹೊತ್ತೆ.

ಆಟೋದವನನ್ನು ಕಳಿಸಿ ಶಶಿ ಹಿತ್ತಲಿಗೆ ಬಂದ. ದೂರದಲ್ಲೇ ನಿಂತು, ದಿನವೂ ಕೇಳುವ ದನಿಯಲ್ಲೇ ಕೇಳಿದ.

"ಅವ್ವ ಎಲ್ಲವ್ಳೆ?"

ಸುಮ್ಮನಿರು ಅಂತ ನಾನು ಕೈ ಎತ್ತುವಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು.

"ಕೇಳ್ತದೆ ಕಣವ್ವ. ಎಲ್ಲಾ ಕೇಳ್ತದೆ."